ಆಗುಂಬೆಯ ಮಳೆಯ ಲೆಕ್ಕ: ಘಟ್ಟದ ಅಂಚಿನ ಪುಟ್ಟ ಊರಿನ ಕಥೆ

ಜೂನ್ ತಿಂಗಳ ಮೊದಲ ಮಳೆ ಬಿದ್ದ ಕೂಡಲೇ ನಮ್ಮ ಹಾಸ್ಟೆಲುಗಳಲ್ಲಿ ಒಂದು ಮಾತು ಬಂದೇ ಬರುತ್ತದೆ: "ಈ ಸಲ ಆಗುಂಬೆಗೆ ಹೋಗುವ ಮಾರಾಯ್ರೆ." ಮಂಗಳೂರಿನಿಂದ ಮೂಡುಬಿದಿರೆ, ಕಾರ್ಕಳ, ಹೆಬ್ರಿ ದಾಟಿ ಸೋಮೇಶ್ವರಕ್ಕೆ ಬಂದರೆ ಅಲ್ಲಿಂದ ಘಟ್ಟ ಶುರು. ಒಟ್ಟು ದಾರಿ ನೂರು ಕಿ.ಮೀ. ಆಸುಪಾಸು. 14 ಹೇರ್‌ಪಿನ್ ತಿರುವು ಹತ್ತಿ, ಮಂಜಿನಲ್ಲಿ ಒಂದು ಸೆಲ್ಫಿ ತೆಗೆದು, ಬಿಸಿ ಚಹಾ ಕುಡಿದು, ಒದ್ದೆ ಬಟ್ಟೆಯಲ್ಲೇ ವಾಪಸ್ ಬರುವುದು ನಮ್ಮ ಪದ್ಧತಿ.

"ದಕ್ಷಿಣದ ಚಿರಾಪುಂಜಿ" ಅಂತ ಪ್ರಾಥಮಿಕ ಶಾಲೆಯಲ್ಲೇ ಬಾಯಿಪಾಠ ಮಾಡಿದ್ದೇವೆ. ಆದರೆ ಅಷ್ಟು ಮಳೆ ಅಲ್ಲೇ ಯಾಕೆ? ಅಂಥ ಮಳೆಯಲ್ಲಿ ಒಂದು ಊರು ಹೇಗೆ ಹುಟ್ಟಿತು, ಹೇಗೆ ಉಳಿಯಿತು? ಮುಂದೆ ಆ ಊರಿಗೂ ಆ ಘಟ್ಟಕ್ಕೂ ಏನಾಗಬಹುದು? ಫ್ಲೂಯಿಡ್ಸ್, ಥರ್ಮೋ, ಸಾಯಿಲ್ ಮೆಕ್ಯಾನಿಕ್ಸ್ ಓದುವ ನಾವು ಈ ಪ್ರಶ್ನೆ ಕೇಳದಿದ್ದರೆ ಮತ್ತೆ ಯಾರು ಕೇಳಬೇಕು?

ಮೊದಲು ಅಂಕಿಗಳು

ಆಗುಂಬೆ ಇರುವುದು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಪಶ್ಚಿಮ ಘಟ್ಟದ ತೀರಾ ಅಂಚಿನಲ್ಲಿ. ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರ. ಹೋಬಳಿ ಕೇಂದ್ರ ಹೌದು, ಆದರೆ ಊರಲ್ಲಿ ಇರುವುದು ಕೆಲವು ನೂರು ಜನ ಮಾತ್ರ. ನಮ್ಮ ಒಂದು ಬ್ಯಾಚಿನ ವಿದ್ಯಾರ್ಥಿಗಳನ್ನು ಸಾಲಾಗಿ ನಿಲ್ಲಿಸಿದರೆ ಊರಿಗಿಂತ ದೊಡ್ಡದಾದೀತು.

ಇಲ್ಲಿ ವರ್ಷಕ್ಕೆ ಬೀಳುವ ಸರಾಸರಿ ಮಳೆ ಸುಮಾರು 7,500 ಮಿ.ಮೀ. ಮಳೆ ಜಾಸ್ತಿ ಅಂತ ನಾವು ಗೊಣಗುವ ಮಂಗಳೂರಿನಲ್ಲಿ ಇದು 3,500ರಿಂದ 4,000 ಮಿ.ಮೀ. ನಡುವೆ ಇರುತ್ತದೆ. ಬೆಂಗಳೂರಿನಲ್ಲಿ ಸಾವಿರಕ್ಕೂ ಸ್ವಲ್ಪ ಕಡಿಮೆ. 1946ರ ಆಗಸ್ಟ್ ಒಂದೇ ತಿಂಗಳಲ್ಲಿ ಆಗುಂಬೆಯಲ್ಲಿ 4,508 ಮಿ.ಮೀ. ಮಳೆ ದಾಖಲಾಗಿದೆ. ಅಂದರೆ ದಿನಕ್ಕೆ ಸರಾಸರಿ 145 ಮಿ.ಮೀ., ಒಂದು ತಿಂಗಳು ಪೂರ್ತಿ. ಬೆಂಗಳೂರಿಗೆ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಸಾಕಾಗುವ ಮಳೆ 31 ದಿನದಲ್ಲಿ ಸುರಿದಿತ್ತು.

ಮಿಲಿಮೀಟರ್ ಅಂದರೆ ಮನಸ್ಸಿಗೆ ಬೇಗ ಹತ್ತುವುದಿಲ್ಲ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಅಂದರೆ ಒಂದು ಲೀಟರ್ ನೀರು. ಆಗುಂಬೆಯಲ್ಲಿ 100 ಚದರ ಮೀಟರ್ ಮಾಡಿನ ಒಂದು ಸಾಧಾರಣ ಮನೆ ಇದೆ ಅಂತಿಟ್ಟುಕೊಳ್ಳಿ. ಆ ಮಾಡಿನ ಮೇಲೆ ವರ್ಷಕ್ಕೆ ಬೀಳುವ ನೀರು ಏಳೂವರೆ ಲಕ್ಷ ಲೀಟರ್. ಬೇಸಿಗೆಯಲ್ಲಿ ನಮ್ಮ ಹಾಸ್ಟೆಲಿಗೆ ಬರುವ 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 125 ಟ್ಯಾಂಕರ್!

ಇನ್ನೊಂದು ವಿಷಯ. ಅತಿ ಹೆಚ್ಚು ಮಳೆಯ ಪಟ್ಟ ಈಗ ಆಗುಂಬೆಯ ಕೈಯಲ್ಲೇ ಇದೆ ಅಂತ ಧೈರ್ಯವಾಗಿ ಹೇಳುವ ಹಾಗಿಲ್ಲ. ಪಕ್ಕದ ಹೊಸನಗರ ತಾಲ್ಲೂಕಿನ ಹುಲಿಕಲ್‌ನಲ್ಲಿ ಹಲವು ವರ್ಷ ಆಗುಂಬೆಗಿಂತ ಹೆಚ್ಚು ಮಳೆ ದಾಖಲಾಗಿದೆ. ಹುಲಿಕಲ್ ಇರುವುದೂ ಇಂಥದ್ದೇ ಜಾಗದಲ್ಲಿ, ಇನ್ನೊಂದು ಘಾಟಿಯ ತಲೆಯ ಮೇಲೆ. ಇದು ಕಾಕತಾಳೀಯ ಅಲ್ಲ. ಕಾರಣ ಮುಂದೆ ನೋಡೋಣ.

ಯಾಕೆ ಇಲ್ಲೇ ಇಷ್ಟು?

ನೈರುತ್ಯ ಮುಂಗಾರಿನ ಗಾಳಿ ಸಾವಿರಾರು ಕಿ.ಮೀ. ಬೆಚ್ಚಗಿನ ಸಮುದ್ರದ ಮೇಲೆ ಹಾದು ಬರುತ್ತದೆ. ಕರಾವಳಿಗೆ ಮುಟ್ಟುವಾಗ ಅದರ ಉಷ್ಣಾಂಶ 27 ಡಿಗ್ರಿ, ಡ್ಯೂ ಪಾಯಿಂಟ್ 25 ಡಿಗ್ರಿ ಅಂತಿಟ್ಟುಕೊಳ್ಳಿ. ಜುಲೈಯಲ್ಲಿ ನಮ್ಮ ಬಟ್ಟೆ ಮೂರು ದಿನವಾದರೂ ಒಣಗದೆ ಇರುವುದು ಈ ಎರಡು ಡಿಗ್ರಿಯ ಅಂತರದಿಂದಲೇ. ಗಾಳಿಯಲ್ಲಿ ಇನ್ನಷ್ಟು ಆವಿಗೆ ಜಾಗವೇ ಇಲ್ಲ.

ಇಂಥ ಗಾಳಿಯನ್ನು ಸ್ವಲ್ಪ ಮೇಲಕ್ಕೆ ಎತ್ತಿದರೆ ಸಾಕು, ಮೋಡವಾಗುತ್ತದೆ. ಎಷ್ಟು ಎತ್ತಬೇಕು ಅನ್ನುವುದಕ್ಕೆ ಒಂದು ಸುಲಭ ಸೂತ್ರ ಇದೆ: ಉಷ್ಣಾಂಶಕ್ಕೂ ಡ್ಯೂ ಪಾಯಿಂಟಿಗೂ ಇರುವ ಒಂದೊಂದು ಡಿಗ್ರಿ ಅಂತರಕ್ಕೆ 125 ಮೀಟರ್. ಎರಡು ಡಿಗ್ರಿ ಅಂದರೆ 250 ಮೀಟರ್. ಅಂದರೆ ಘಟ್ಟದ ಅರ್ಧ ದಾರಿ ಬರುವ ಮೊದಲೇ ನಾವು ಮೋಡದ ಒಳಗಿರುತ್ತೇವೆ. ಬೈಕಿನಲ್ಲಿ ಹೋಗುವಾಗ ಐದಾರು ತಿರುವು ಕಳೆಯುವಷ್ಟರಲ್ಲಿ ಇದ್ದಕ್ಕಿದ್ದ ಹಾಗೆ ಮಂಜು ಕವಿದು ಹೆಲ್ಮೆಟ್ಟಿನ ಗಾಜು ಒರೆಸಬೇಕಾಗುತ್ತದಲ್ಲ, ನಾವು "ಮಂಜು" ಅನ್ನುವುದು ನಿಜಕ್ಕೂ ಮೋಡದ ತಳ.

ಸಹ್ಯಾದ್ರಿಯ ಬೇರೆ ಕೆಲವು ಕಡೆ ಬೆಟ್ಟ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಆಗುಂಬೆಯಲ್ಲಿ ಹಾಗಲ್ಲ. ಕೆಳಗೆ ಸೋಮೇಶ್ವರದವರೆಗೂ ಹೆಚ್ಚುಕಡಿಮೆ ತಗ್ಗುನೆಲ. ಅಲ್ಲಿಂದ ಕೆಲವೇ ಕಿ.ಮೀ. ಒಳಗೆ ನೆಲ ಐನೂರು ಮೀಟರಿಗೂ ಹೆಚ್ಚು ಎದ್ದು ನಿಲ್ಲುತ್ತದೆ. ಸಮುದ್ರ ನೇರ ಗೆರೆಯಲ್ಲಿ ಬರೀ 45 ಕಿ.ಮೀ. ದೂರ. ಬರುವ ಗಾಳಿಗೆ ನಡುವೆ ಎಲ್ಲೂ ತಡೆಯಿಲ್ಲ, ಎದುರಿಗೆ ಮಾತ್ರ ಒಮ್ಮೆಲೇ ಗೋಡೆ.

ಈಗ ನಾವೇ ಒಂದು ಒರಟು ಲೆಕ್ಕ ಮಾಡೋಣ. ಅಕ್ಕಪಕ್ಕದ ಶಿಖರಗಳನ್ನೂ ಸೇರಿಸಿ ಗಾಳಿ 1,000 ಮೀಟರ್ ಏರಿತು ಅಂದುಕೊಳ್ಳಿ. ಮೊದಲ 250 ಮೀಟರಿನಲ್ಲಿ ಅದು ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಂತೆ ತಣಿಯುತ್ತದೆ. ಮೋಡವಾದ ಮೇಲೆ ಆವಿ ನೀರಾಗುವಾಗ ಬಿಡುವ ಗುಪ್ತೋಷ್ಣದಿಂದಾಗಿ ತಣಿಯುವ ವೇಗ ಅರ್ಧಕ್ಕೂ ಕಡಿಮೆಯಾಗುತ್ತದೆ, ಕಿಲೋಮೀಟರಿಗೆ ಸುಮಾರು 4 ಡಿಗ್ರಿ. ಕೊನೆಗೆ ಗಾಳಿ 21–22 ಡಿಗ್ರಿಗೆ ಇಳಿಯುತ್ತದೆ. ಈ ದಾರಿಯಲ್ಲಿ ಪ್ರತಿ ಘನ ಮೀಟರ್ ಗಾಳಿ ಸುಮಾರು 2 ಗ್ರಾಂ ನೀರನ್ನು ಬಿಟ್ಟುಕೊಡುತ್ತದೆ.

ಬರೀ ಎರಡು ಗ್ರಾಂ! ಇದರಿಂದ ಏನಾದೀತು ಅನಿಸಬಹುದು. ಆದರೆ ಗಾಳಿ ಎಷ್ಟು ಅಂತ ನೋಡಿ. ಘಟ್ಟದ ಒಂದು ಮೀಟರ್ ಅಗಲದ ಎದುರಿಗೆ, ಒಂದು ಕಿ.ಮೀ. ದಪ್ಪದ ಗಾಳಿಯ ಪದರ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಬಂದರೆ, ಸೆಕೆಂಡಿಗೆ 10,000 ಘನ ಮೀಟರ್ ಗಾಳಿ. ಅದು ಬಿಡುವ ನೀರು 20 ಲೀಟರ್. ಈ ನೀರು ಘಟ್ಟದ ಅಂಚಿನ 10 ಕಿ.ಮೀ. ಉದ್ದಕ್ಕೆ ಹರಡಿ ಬಿದ್ದರೆ ಗಂಟೆಗೆ 7 ಮಿ.ಮೀ., ದಿನಕ್ಕೆ ಸುಮಾರು 170 ಮಿ.ಮೀ.

ಎಲ್ಲ ನೀರೂ ಮಳೆಯಾಗಿ ಬೀಳುವುದಿಲ್ಲ, ಗಾಳಿಯೂ ದಿನಾ ಒಂದೇ ಸಮ ಬೀಸುವುದಿಲ್ಲ. ಹಾಗಾಗಿ ಜೂನಿನಿಂದ ಸೆಪ್ಟೆಂಬರ್‌ವರೆಗಿನ ಸರಾಸರಿ ದಿನಕ್ಕೆ 60 ಮಿ.ಮೀ. ಆಸುಪಾಸಿಗೆ ಬಂದು ನಿಲ್ಲುತ್ತದೆ. ಆದರೆ 1946ರ ಆಗಸ್ಟಿನಂತೆ ಗಾಳಿ ಬಿಡದೆ ಬೀಸಿದರೆ 145 ಸಾಧ್ಯ ಅಂತ ನಮ್ಮ ಕ್ಯಾಲ್ಕುಲೇಟರೂ ಒಪ್ಪುತ್ತದೆ.

ಇದೇ ಗಾಳಿ ಘಟ್ಟ ದಾಟಿದ ಮೇಲೆ ಒಳನಾಡಿನ ಕಡೆ ಇಳಿಯುತ್ತದೆ. ಇಳಿಯುವಾಗ ಬಿಸಿಯಾಗಿ ಮೋಡ ಕರಗುತ್ತದೆ. ಮೂವತ್ತು ಚಿಲ್ಲರೆ ಕಿ.ಮೀ. ದೂರದ ತೀರ್ಥಹಳ್ಳಿಯಲ್ಲಿ ಮಳೆ ಆಗುಂಬೆಯ ಅರ್ಧವೂ ಇಲ್ಲ. ಶಿವಮೊಗ್ಗ ಪೇಟೆಗೆ ಬರುವಾಗ ಸಾವಿರ ಮಿ.ಮೀ. ಆಸುಪಾಸು. ಒಂದೇ ಜಿಲ್ಲೆಯಲ್ಲಿ, ಎರಡು ಮೂರು ಗಂಟೆಯ ಬಸ್ ಪ್ರಯಾಣದಲ್ಲಿ ಇಷ್ಟು ವ್ಯತ್ಯಾಸ.

ಒಂದು ಮೋಡ, ಎರಡು ಸಮುದ್ರ

ಆಗುಂಬೆ ಅಂಚಿನ ಊರು ಅಂದೆವಲ್ಲ, ನೀರಿಗೂ ಅದು ಅಂಚು. ಈ ಕಾಡುಗಳಲ್ಲಿ ಹುಟ್ಟುವ ಸೀತಾ ನದಿ ಬರ್ಕಣದಲ್ಲಿ ಜಲಪಾತವಾಗಿ ಧುಮುಕಿ ಪಶ್ಚಿಮಕ್ಕೆ, ಉಡುಪಿ ಜಿಲ್ಲೆಯಲ್ಲಿ ಹರಿದು ಅರಬ್ಬಿ ಸಮುದ್ರ ಸೇರುತ್ತದೆ. ಊರಿನ ಹತ್ತಿರದ ಜೋಗಿಗುಂಡಿಯ ನೀರು ಮಾಲತಿ ಹೊಳೆಯಾಗಿ ಪೂರ್ವಕ್ಕೆ ಹೋಗಿ ತುಂಗೆಯನ್ನು ಸೇರುತ್ತದೆ. ತುಂಗೆ ಭದ್ರೆಯ ಜೊತೆಯಾಗಿ, ಕೃಷ್ಣೆಯನ್ನು ಕೂಡಿ, ಆಂಧ್ರ ದಾಟಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಒಂದೇ ಮೋಡದ ಎರಡು ಹನಿಗಳಲ್ಲಿ ಒಂದು ಒಂದೆರಡು ದಿನದಲ್ಲೇ ಸಮುದ್ರ ಕಂಡರೆ, ಇನ್ನೊಂದು ದಖ್ಖನ್ ಪ್ರಸ್ಥಭೂಮಿಯನ್ನೇ ದಾಟಬೇಕು.

ಚಳಿಗಾಲದ ತಿಳಿ ಸಂಜೆಯಲ್ಲಿ ಸೂರ್ಯಾಸ್ತದ ಕಟ್ಟೆಯಿಂದ ಸಮುದ್ರ ಕಾಣುವುದಕ್ಕೂ ಲೆಕ್ಕ ಇದೆ. 650 ಮೀಟರ್ ಎತ್ತರದಿಂದ ದಿಗಂತ ಸುಮಾರು 90 ಕಿ.ಮೀ. ದೂರ. ಸಮುದ್ರ ಅದರ ಅರ್ಧದಲ್ಲೇ ಇದೆ. ಮಳೆಗಾಲದಲ್ಲಿ ಅಲ್ಲಿ ಹೋಗಿ ಸೂರ್ಯಾಸ್ತಕ್ಕೆ ಕಾದು ಕೂತವರಿಗೆ ಕಾಣುವುದು ಬಿಳಿ ಪರದೆ ಮಾತ್ರ.

ಗಡಿಯ ಊರು

ತುಳುವಿನಲ್ಲೂ ಕರಾವಳಿಯ ಕನ್ನಡದಲ್ಲೂ "ಘಟ್ಟದ ಮೇಲೆ" ಅನ್ನುವುದು ಬೇರೆಯೇ ಒಂದು ಲೋಕದ ಹೆಸರು. ಮಲೆನಾಡಿನವರು ನಮ್ಮ ಕಡೆಯನ್ನು "ಘಟ್ಟದ ಕೆಳಗೆ" ಅನ್ನುತ್ತಾರೆ. ಈ ಎರಡು ಲೋಕಗಳ ನಡುವಿನ ಬಾಗಿಲುಗಳೇ ಘಾಟಿಗಳು. ಟಾರು ರಸ್ತೆ ಬರುವ ಎಷ್ಟೋ ಮೊದಲು ಇಂಥ ದಾರಿಗಳಲ್ಲಿ ಹೇರೆತ್ತುಗಳು ನಡೆಯುತ್ತಿದ್ದವು. ಕೆಳಗಿನಿಂದ ಉಪ್ಪು, ಒಣಮೀನು, ತೆಂಗು ಮೇಲಕ್ಕೆ; ಮೇಲಿನಿಂದ ಅಡಿಕೆ, ಮೆಣಸು, ಏಲಕ್ಕಿ ಕೆಳಕ್ಕೆ. ಘಟ್ಟ ಹತ್ತಿ ಸುಸ್ತಾದ ಜನ, ಎತ್ತುಗಳು ತಂಗಲು ಘಟ್ಟದ ತಲೆಯಲ್ಲಿ ಒಂದು ಊರು ಬೇಕೇ ಬೇಕು. ಮಳೆ ಇಷ್ಟಿದ್ದರೂ ಆಗುಂಬೆಯಂಥ ಊರು ಉಳಿಯಲು ಈ ದಾರಿಯೇ ದೊಡ್ಡ ಕಾರಣ ಅಂತ ನಮಗನಿಸುತ್ತದೆ.

ಕೆಳದಿ ನಾಯಕರ ಕಾಲದಲ್ಲಿ ಘಟ್ಟದ ಮೇಲೂ ಕೆಳಗೂ ಒಂದೇ ಆಡಳಿತ ಇತ್ತು. ಮಂಗಳೂರಿನ ಬಂದರೂ ಅವರದ್ದೇ. ಆಮೇಲೆ ಹೈದರಾಲಿ, ಟಿಪ್ಪು. 1799ರಲ್ಲಿ ಟಿಪ್ಪು ಮಡಿದ ನಂತರ ಕಥೆ ಬದಲಾಯಿತು. ಕರಾವಳಿ ಈಸ್ಟ್ ಇಂಡಿಯಾ ಕಂಪನಿಗೆ ಹೋಗಿ ಮುಂದೆ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡವಾಯಿತು. ಘಟ್ಟದ ಮೇಲಿನ ಭಾಗ ಮೈಸೂರು ಸಂಸ್ಥಾನದಲ್ಲಿ ಉಳಿಯಿತು. ಅಂದರೆ ಆಗುಂಬೆ ಮೈಸೂರು, ಕೆಳಗಿನ ಸೋಮೇಶ್ವರ ಮದ್ರಾಸ್! ಸ್ವಾತಂತ್ರ್ಯ ಬಂದ ಮೇಲೂ 1956ರ ನವೆಂಬರ್ 1ರವರೆಗೆ ಹೀಗೇ ಇತ್ತು. ಇವತ್ತು ನಾವು ಅರ್ಧ ಗಂಟೆಯಲ್ಲಿ ಹತ್ತುವ ತಿರುವುಗಳ ನಡುವೆ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಎರಡು ಸರಕಾರಗಳ ಗಡಿ ಹಾದುಹೋಗಿತ್ತು. ಪ್ರತಿ ವರ್ಷ ರಾಜ್ಯೋತ್ಸವಕ್ಕೆ ಕ್ಯಾಂಪಸ್ಸಿನಲ್ಲಿ ಬಾವುಟ ಹಾರಿಸುವಾಗ ಏಕೀಕರಣ ಅಂದರೆ ಏನು ಅಂತ ಭಾಷಣದಲ್ಲಿ ಕೇಳುತ್ತೇವೆ. ಈ ಘಟ್ಟ ಅದರ ಕಣ್ಣಿಗೆ ಕಾಣುವ ಉದಾಹರಣೆ.

ಆಗುಂಬೆ ದೇಶಕ್ಕೆಲ್ಲ ಪರಿಚಯವಾದದ್ದು ಮಾತ್ರ ಬೇರೆ ಹೆಸರಿನಲ್ಲಿ. ಆರ್.ಕೆ. ನಾರಾಯಣ್ ಕಥೆಗಳನ್ನು ಶಂಕರ್‌ನಾಗ್ "ಮಾಲ್ಗುಡಿ ಡೇಸ್" ಧಾರಾವಾಹಿಯಾಗಿ ಮಾಡಿದಾಗ ಮಾಲ್ಗುಡಿ ಆದದ್ದು ಈ ಊರು. ಇಲ್ಲಿನ ದೊಡ್ಡಮನೆ ಧಾರಾವಾಹಿಯಲ್ಲಿ ಸ್ವಾಮಿಯ ಮನೆ. ಆಗುಂಬೆಗೆ ರೈಲು ಇಲ್ಲದ ಕಾರಣ ರೈಲು ನಿಲ್ದಾಣದ ದೃಶ್ಯಗಳಿಗೆ ಇದೇ ಜಿಲ್ಲೆಯ ಅರಸಾಳು ನಿಲ್ದಾಣ ಬಳಕೆಯಾಯಿತು. ಅಲ್ಲೀಗ ಮಾಲ್ಗುಡಿ ಮ್ಯೂಸಿಯಂ ಇದೆ.

ಮಳೆಗೆ ಒಗ್ಗಿದ ಬದುಕು

ಆಗುಂಬೆ ಕಡೆಯ ಹಳೇ ಮನೆಗಳ ಮಾಡು ನೋಡಿ. ಕಡಿದಾದ ಇಳಿಜಾರು, ಗೋಡೆಯಿಂದ ತುಂಬಾ ಹೊರಗೆ ಚಾಚಿದ ಸೂರು. ನೀರು ನಿಲ್ಲಬಾರದು, ಗೋಡೆಗೆ ಇರಚಲು ಹೊಡೆಯಬಾರದು. ಮೊದಲು ಹುಲ್ಲು, ಅಡಿಕೆ ಸೋಗೆ ಹೊದಿಸುತ್ತಿದ್ದ ಮಾಡುಗಳಿಗೆ ಆಮೇಲೆ ಬಂದದ್ದು ನಮ್ಮೂರಿನ ಹಂಚು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿತು. ಒಂದಕ್ಕೊಂದು ಕೊಕ್ಕೆಯಂತೆ ಕೂರುವ "ಮಂಗಳೂರು ಹಂಚು" ಗಾಳಿಮಳೆ ಎರಡಕ್ಕೂ ಜಗ್ಗದ ಸರಳ ವಿನ್ಯಾಸ. ಗದ್ದೆ ಕೆಲಸಕ್ಕೆ ಕಂಬಳಿ ಕೊಪ್ಪೆ, ಗೊರಬು ಇದ್ದವು. ಎರಡೂ ಕೈ ಖಾಲಿ ಬಿಡುವ ಕೊಡೆಗಳು.

ಮಳೆಯ ಲೆಕ್ಕ ಇಡಲು ಹಿರಿಯರಿಗೆ ನಕ್ಷತ್ರ ಸಾಕು. ವರ್ಷವನ್ನು 27 ನಕ್ಷತ್ರಗಳಿಗೆ ಹಂಚಿದರೆ ಒಂದೊಂದು ಮಳೆಗೆ ಹದಿಮೂರೂವರೆ ದಿನ. ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ. ಜೂನ್ ಎರಡನೇ ವಾರದಿಂದ ಆಗಸ್ಟ್ ಕೊನೆಯವರೆಗೆ ಯಾವ ಮಳೆಗೆ ಯಾವ ಕೆಲಸ ಅನ್ನುವ ಟೈಮ್‌ಟೇಬಲ್ ಇದು.

ಇಷ್ಟು ಮಳೆ ವರ ಮಾತ್ರ ಅಲ್ಲ. ಇಲ್ಲಿನವರ ಮುಖ್ಯ ಬೆಳೆ ಅಡಿಕೆಗೆ ಮಳೆಗಾಲದಲ್ಲಿ ಕೊಳೆರೋಗ ಬರುತ್ತದೆ. ಎಳೆಕಾಯಿಗಳು ಕೊಳೆತು ಉದುರುತ್ತವೆ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್‌ಮನ್ 1910ರಲ್ಲೇ ಈ ರೋಗದ ಅಧ್ಯಯನ ಪ್ರಕಟಿಸಿದ್ದರು. ಮದ್ದು ಇವತ್ತಿಗೂ ಬೋರ್ಡೋ ದ್ರಾವಣ: ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಕಷ್ಟ ಇರುವುದು ಹೊಡೆಯುವುದರಲ್ಲಿ. ಪಾಚಿ ಹಿಡಿದ ಮರ ಹತ್ತಬೇಕು, ಮಳೆ ಬಿಡುವು ಕೊಡಬೇಕು, ಹೊಡೆದ ಮದ್ದು ತೊಳೆದು ಹೋಗಬಾರದು. ಮರ ಹತ್ತುವವರು ಕಡಿಮೆಯಾದ ಮೇಲೆ ನೆಲದಲ್ಲೇ ನಿಂತು ಮದ್ದು ಹೊಡೆಯುವ ಕಾರ್ಬನ್ ಫೈಬರ್ ದೋಟಿ ಬಂದಿದೆ. ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಈ ಭಾಗದ ತೋಟಗಳನ್ನು ಹಾಳುಮಾಡುತ್ತಿದೆ. ನಾವು "ಸೂಪರ್ ವೆದರ್" ಅಂತ ಸ್ಟೇಟಸ್ ಹಾಕುವ ದಿನ ಅಲ್ಲಿನ ಒಬ್ಬ ಕೃಷಿಕರಿಗೆ ವರ್ಷದ ಆದಾಯ ಕಣ್ಣೆದುರೇ ಉದುರುವ ದಿನವಾಗಿರಬಹುದು.

ಮನುಷ್ಯರಷ್ಟೇ ಅಲ್ಲ, ಕಾಳಿಂಗ ಸರ್ಪವೂ ಮಳೆಯ ಲೆಕ್ಕ ಇಟ್ಟಿದೆ. ಹಾವುಗಳಲ್ಲಿ ಗೂಡು ಕಟ್ಟುವುದು ಇದೊಂದೇ. ಹೆಣ್ಣು ಕಾಳಿಂಗ ಮಳೆಗಾಲಕ್ಕೆ ಮುಂಚೆ ತರಗೆಲೆಗಳನ್ನು ಒಟ್ಟುಮಾಡಿ ಗುಡ್ಡೆ ಕಟ್ಟಿ ಮೊಟ್ಟೆ ಇಡುತ್ತದೆ. ನಂತರ ಸುರಿಯುವ ಮಳೆಯಲ್ಲೂ ಒಳಗಿನ ಮೊಟ್ಟೆ ಕೊಳೆಯದೆ ಬೆಚ್ಚಗಿರಬೇಕು. ಹಂಚಿನ ಮಾಡಿನ ಕೆಲಸವನ್ನೇ ಎಲೆಗಳು ಮಾಡುತ್ತವೆ. ರೋಮುಲಸ್ ವಿಟೇಕರ್ 2005ರಲ್ಲಿ ಇಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಸ್ಥಾಪಿಸಿದರು. ಕಾಳಿಂಗದ ಮೈಯೊಳಗೆ ರೇಡಿಯೋ ಟ್ರಾನ್ಸ್‌ಮಿಟರ್ ಇಟ್ಟು ಅದರ ಓಡಾಟ ಗಮನಿಸುವ ಕೆಲಸ ಇಲ್ಲಿ ನಡೆಯಿತು. 2024ರಲ್ಲಿ ಪಶ್ಚಿಮ ಘಟ್ಟದ ಕಾಳಿಂಗ ಪ್ರತ್ಯೇಕ ಪ್ರಭೇದ ಅಂತ ವಿಜ್ಞಾನಿಗಳು ಗುರುತಿಸಿ ಇಟ್ಟ ಹೆಸರು "ಒಫಿಯೋಫೇಗಸ್ ಕಾಳಿಂಗ". ಕನ್ನಡದ ಒಂದು ಪದ ಹೀಗೆ ಜಗತ್ತಿನ ಜೀವಶಾಸ್ತ್ರದ ಪಟ್ಟಿಗೆ ಸೇರಿತು. ಕನ್ನಡ ಸಂಘದವರಾದ ನಮಗೆ ಇದಕ್ಕಿಂತ ಖುಷಿಯ ಸುದ್ದಿ ಯಾವುದು ಬೇಕು?

ಗುಡ್ಡ ಯಾಕೆ ಜಾರುತ್ತದೆ?

ಈಗ ಗಂಭೀರ ವಿಷಯಕ್ಕೆ ಬರೋಣ. ಜೋರು ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿ ಮಣ್ಣು ಕುಸಿದು ರಸ್ತೆ ಬಂದ್ ಆಗುವುದು, ಘನ ವಾಹನಗಳಿಗೆ ನಿಷೇಧ ಹಾಕುವುದು ನಾವೆಲ್ಲ ಕೇಳುವ ಸುದ್ದಿ. ಇದಕ್ಕೂ ನಮ್ಮ ಪಠ್ಯದಲ್ಲೇ ಉತ್ತರ ಇದೆ.

ಘಟ್ಟದ ಮೈ ಅಂದರೆ ಗಟ್ಟಿ ಬಂಡೆಯ ಮೇಲೆ ಹೊದ್ದ ಮಣ್ಣಿನ ಪದರ. ಆ ಮಣ್ಣನ್ನು ಇಳಿಜಾರಿನಲ್ಲಿ ಹಿಡಿದಿಡುವುದು ಎರಡು ಶಕ್ತಿ: ಕಣಗಳ ನಡುವಿನ ಅಂಟು ಮತ್ತು ಒಂದರ ಮೇಲೊಂದು ಒತ್ತಿ ಕೂತದ್ದರಿಂದ ಬರುವ ಘರ್ಷಣೆ. ಮಳೆನೀರು ಇಂಗಿ ರಂಧ್ರಗಳು ತುಂಬಿದಾಗ ನೀರು ಕಣಗಳನ್ನು ಒಂದರಿಂದೊಂದು ದೂರ ತಳ್ಳಲು ನೋಡುತ್ತದೆ. ಇದೇ ಪೋರ್ ಪ್ರೆಶರ್. ಮಣ್ಣಿನ ತೂಕ ಹೆಚ್ಚುತ್ತದೆ, ಅದನ್ನು ಹಿಡಿದಿಡುವ ಘರ್ಷಣೆ ಕಡಿಮೆಯಾಗುತ್ತದೆ. ಒಂದು ಹಂತದಲ್ಲಿ ಸೇಫ್ಟಿ ಫ್ಯಾಕ್ಟರ್ ಒಂದಕ್ಕಿಂತ ಕೆಳಗಿಳಿದರೆ ಮುಗಿಯಿತು.

ಮರದ ಬೇರು ಈ ಮಣ್ಣಿಗೆ ಕಬ್ಬಿಣದ ಸರಳಿದ್ದ ಹಾಗೆ. ರಸ್ತೆಗಾಗಿ ಗುಡ್ಡದ ಬುಡ ಕಡಿದರೆ ಇಳಿಜಾರಿನ ಆಸರೆ ಹೋಗುತ್ತದೆ. ಚರಂಡಿ ಕಟ್ಟಿಕೊಂಡರೆ ಹೊರಗೆ ಹೋಗಬೇಕಾದ ನೀರು ಒಳಗೆ ಇಂಗುತ್ತದೆ. ನಾವು ತಿಂದು ಎಸೆಯುವ ಚಿಪ್ಸ್ ಪ್ಯಾಕೆಟ್, ಕುಡಿದು ಬಿಸಾಡುವ ಬಾಟಲಿ ಹೋಗಿ ಕೂರುವುದು ಇದೇ ಮೋರಿಗಳ ಬಾಯಲ್ಲಿ. ಸಣ್ಣ ವಿಷಯ ಅನಿಸಬಹುದು, ಆದರೆ ಗಂಟೆಗೆ ಹತ್ತಾರು ಮಿ.ಮೀ. ಮಳೆ ಬರುವ ಜಾಗದಲ್ಲಿ ಮುಚ್ಚಿದ ಒಂದು ಮೋರಿ ಸಾಕು, ನೀರು ರಸ್ತೆ ಮೇಲೆ ಹರಿದು ಅಂಚು ಕೊರೆಯಲು.

ಇನ್ನು ಮುಂದೆ ಹೊರೆ ಹೆಚ್ಚುವುದೇ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದಿಡಬಲ್ಲ ಆವಿ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ. ಅರಬ್ಬಿ ಸಮುದ್ರ ಬಿಸಿಯಾಗುತ್ತಿದೆ. ಮೇಲೆ ಮಾಡಿದ ಲೆಕ್ಕದಲ್ಲಿ ಆವಿಯ ಅಂಕಿ ಬದಲಿಸಿ ನೋಡಿ, ಅದೇ ಗೋಡೆಗೆ ಅದೇ ಗಾಳಿ ಬಡಿದರೂ ಒಂದು ಗಂಟೆಯಲ್ಲಿ ಸುರಿಯುವ ನೀರು ಜಾಸ್ತಿ. ಹಳೇ ಮಳೆಗೆ ಕಟ್ಟಿದ ಮೋರಿ ಹೊಸ ಮಳೆಗೆ ಸಾಲದೆ ಹೋಗಬಹುದು.

ಹಾಗಂತ ರಸ್ತೆ ಬೇಡ ಅನ್ನಲು ನಮಗೆ ಬಾಯಿಲ್ಲ. ಇದು ಟೂರಿಸ್ಟ್ ರಸ್ತೆ ಮಾತ್ರ ಅಲ್ಲ. ತೀರ್ಥಹಳ್ಳಿ ಕಡೆಯವರು ದೊಡ್ಡ ಕಾಯಿಲೆ ಬಂದರೆ ಮಣಿಪಾಲಕ್ಕೆ ಇಳಿಯುವುದು ಇದೇ ದಾರಿಯಲ್ಲಿ. ಮಕ್ಕಳು ಓದಿಗೆ, ಯುವಕರು ಕೆಲಸಕ್ಕೆ ಘಟ್ಟ ಇಳಿಯುವುದೂ ಇಲ್ಲಿಂದಲೇ. ಘಾಟಿ ಮುಚ್ಚಿದರೆ ಹುಲಿಕಲ್ ಅಥವಾ ಶೃಂಗೇರಿ ಕಡೆಯಿಂದ ಸುತ್ತಿ ಬರಬೇಕು. ಆಂಬುಲೆನ್ಸ್‌ನಲ್ಲಿರುವವರಿಗೆ ಆ ಹೆಚ್ಚುವರಿ ಕಿಲೋಮೀಟರುಗಳ ಬೆಲೆ ಬೇರೆಯೇ.

ಆದ್ದರಿಂದಲೇ ಆಗುಂಬೆಗೆ ಸುರಂಗ ಕೊರೆಯುವ ಪ್ರಸ್ತಾಪ ವರ್ಷಗಳಿಂದ ಚರ್ಚೆಯಲ್ಲಿದೆ. ರಸ್ತೆ ಹಾದುಹೋಗುವುದು 1974ರಲ್ಲಿ ಘೋಷಣೆಯಾದ ಸೋಮೇಶ್ವರ ವನ್ಯಜೀವಿಧಾಮದ ಒಳಗೆ. ಅಗಲ ಮಾಡಿದರೆ ಗುಡ್ಡ ಕಡಿಯಬೇಕು. ಸುರಂಗವಾದರೆ ಮೇಲಿನ ಕಾಡು ಉಳಿಯಬಹುದು, ಆದರೆ ಬಂಡೆಯ ಬಿರುಕುಗಳಲ್ಲಿ ಹರಿಯುವ ನೀರಿನ ದಾರಿ ತಪ್ಪಬಹುದು, ತೆಗೆದ ಕಲ್ಲುಮಣ್ಣು ಎಲ್ಲಾದರೂ ಹಾಕಬೇಕು. ಇದ್ದ ಹಾಗೇ ಬಿಟ್ಟರೆ ಪ್ರತಿ ಮಳೆಗಾಲ ಅದೃಷ್ಟದ ಮೇಲೆ ನಿಂತಿರುತ್ತದೆ. ನಮ್ಮ ಅಭಿಪ್ರಾಯ ಕೇಳಿದರೆ, ಏನೇ ಮಾಡುವ ಮೊದಲು ಈಗಿರುವ 14 ತಿರುವುಗಳ ಚರಂಡಿ, ಮೋರಿ, ತಡೆಗೋಡೆಗಳನ್ನು ಈಗಿನ ಮಳೆಯ ಅಂಕಿ ಇಟ್ಟುಕೊಂಡು ಹೊಸದಾಗಿ ಲೆಕ್ಕ ಹಾಕಬೇಕು. ಅದು ಹೆಸರು ತರುವ ಕೆಲಸ ಅಲ್ಲ, ಆದರೆ ಜೀವ ಉಳಿಸುವ ಕೆಲಸ.

ಈ ಕಾಡು ಉಳಿಯುವುದು ಕೆಳಗಿನ ನಮಗೂ ಬೇಕು. 2016ರಲ್ಲಿ, ಮತ್ತೆ 2019ರಲ್ಲಿ ಬೇಸಿಗೆಗೆ ತುಂಬೆ ಅಣೆಕಟ್ಟಿನ ನೀರು ತಳಮುಟ್ಟಿ ಮಂಗಳೂರಿನಲ್ಲಿ ರೇಷನಿಂಗ್ ಆಗಿತ್ತು. ನೇತ್ರಾವತಿ ಹುಟ್ಟುವುದು ಆಗುಂಬೆಯಲ್ಲಿ ಅಲ್ಲ, ಆದರೆ ಕರಾವಳಿಯ ದೊಡ್ಡ ನದಿಗಳೆಲ್ಲ ಇದೇ ಘಟ್ಟದ ಸಾಲಿನ ಮಕ್ಕಳು. ನಾಲ್ಕು ತಿಂಗಳಲ್ಲಿ ಬಿದ್ದ ನೀರನ್ನು ಉಳಿದ ಎಂಟು ತಿಂಗಳಿಗೆ ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡುವುದು ಕಾಡಿನ ಮಣ್ಣು. ಮಣ್ಣು ಜಾರಿ ಹೋದರೆ ಮಳೆ ಎಷ್ಟೇ ಬಂದರೂ ನೇರ ಸಮುದ್ರಕ್ಕೆ.

ಈ ಮಳೆಗಾಲ ನೀವೂ ಘಟ್ಟ ಹತ್ತುವವರೇ. ಹೋಗಿ ಬನ್ನಿ. ಎಷ್ಟನೇ ತಿರುವಿನಲ್ಲಿ ಮೋಡ ಶುರುವಾಯಿತು ಅಂತ ನೋಡಿಕೊಳ್ಳಿ, ಫೋನಿನಲ್ಲಿ ಎತ್ತರ ಎಷ್ಟು ತೋರಿಸುತ್ತದೆ ಅಂತ ಬರೆದುಕೊಳ್ಳಿ, ಆ ದಿನದ ಡ್ಯೂ ಪಾಯಿಂಟ್ ಜೊತೆ ತಾಳೆ ಹಾಕಿ. ಮೋರಿಗಳ ಬಾಯಿ ತೆರೆದಿದೆಯಾ ಅಂತಲೂ ನೋಡಿ. ತೆಗೆದುಕೊಂಡು ಹೋದ ಪ್ಲಾಸ್ಟಿಕ್ ಬ್ಯಾಗಿನಲ್ಲೇ ವಾಪಸ್ ಬರಲಿ. ನಿಮ್ಮ ಅಂಕಿಗಳನ್ನು ಸಂಘಕ್ಕೆ ಕಳಿಸಿಕೊಡಿ, ಮುಂದಿನ ಸಂಚಿಕೆಯಲ್ಲಿ ಎಲ್ಲವನ್ನೂ ಸೇರಿಸಿ ಹಾಕುತ್ತೇವೆ.